ಹೊನ್ನಯ್ಯ ಅಟೆಂಡ್ ಮಾಡಿದ ಮದುವೆ

ಮದ್ದೂರಿನ ಹೊನ್ನಯ್ಯ ಈ ಮೂವತ್ತು ವರ್ಷಗಳಲ್ಲಿ ಯಾರ ಮದುವೆಗೂ ಹೋದವನಲ್ಲ. ಎಲ್ಲರ ಮದುವೆಯನ್ನೂ ಅಟೆಂಡ್ ಮಾಡಿದವನು.

ಎರಡೂ ಒಂದೇ ಅಂದುಕೊಂಡವರು ನಮ್ಮ ಸೀಮೆಗೆ ಹೊಸಬರಿರಬೇಕು. ಮದುವೆಗೆ ಹೋದವರು ಫ್ಯಾನಿನ ಕೆಳಗೆ ಕುರ್ಚಿ ಹುಡುಕುತ್ತಾರೆ. ಹುಡುಗಿಯ ಸೀರೆ ಬಣ್ಣ ಅವಳ ಮೈಬಣ್ಣಕ್ಕೆ ಹೊಂದಿತೋ ಇಲ್ಲವೋ ಎಂದು ಪಕ್ಕದವರ ಕಿವಿ ಕಚ್ಚುತ್ತಾರೆ. ಎರಡನೇ ಪಂಕ್ತಿಗೆ ಕೂತು ಉಂಡು, ಎಲೆ ಅಡಿಕೆ ಹಾಕಿಕೊಂಡು, ಛತ್ರದ ಮೂಲೆಯಲ್ಲಿ ಒಂದು ಜೊಂಪು ನಿದ್ದೆಯನ್ನೂ ತೆಗೆಯುತ್ತಾರೆ. ಅಟೆಂಡ್ ಮಾಡುವವನಿಗೆ ಇದಕ್ಕೆಲ್ಲ ಪುರುಸೊತ್ತಿಲ್ಲ. ಅವನು ಚಪ್ಪಲಿಯನ್ನು ವೇದಿಕೆಯ ಮೆಟ್ಟಿಲ ಬುಡದಲ್ಲಿ, ಮೂತಿ ಬಾಗಿಲ ಕಡೆಗಿರುವಂತೆ ಬಿಡುತ್ತಾನೆ. ಕವರ್ ಕೊಟ್ಟು, ಕ್ಯಾಮೆರಾಕ್ಕೆ ಮುಖ ಕೊಟ್ಟು, ಇಳಿಯುವಾಗ ಯಜಮಾನನ ಕಣ್ಣಿಗೆ ಬಿದ್ದು, ಅವನು 'ಊಟ?' ಅನ್ನುವಷ್ಟರಲ್ಲಿ 'ಇನ್ನೂ ಒಂದು ಅಟೆಂಡ್ ಮಾಡ್ಬೇಕಣ್ಣ' ಎಂದು ಹೊರಗಿರುತ್ತಾನೆ. ಇದಕ್ಕೆ ಯಾರೂ ಬೇಸರಪಡುವುದಿಲ್ಲ. 'ಪಾಪ, ಅಷ್ಟು ಕೆಲ್ಸದಲ್ಲೂ ಬಂದ ನೋಡು' ಎಂದು ಬಂದವನ ತೂಕ ಒಂದು ಕೈ ಹೆಚ್ಚೇ ಆಗುತ್ತದೆ.

ಈ ಇಂಗ್ಲಿಷ್ ಮಾತು ನಮ್ಮ ಕಡೆಗೆ ಮೊದಲು ಬಂದದ್ದು ಕೋರ್ಟಿಗೆ. ಜಮೀನಿನ ವ್ಯಾಜ್ಯದವರು ವಾಯಿದೆ ಅಟೆಂಡ್ ಮಾಡುತ್ತಿದ್ದರು. ಮಾಡಿ, ಇನ್ನೊಂದು ವಾಯಿದೆ ತಗೊಂಡು ಬರುತ್ತಿದ್ದರು. ಅಲ್ಲಿಂದ ಅದು ಲೈನ್‌ಮನ್ನನ ಬಾಯಿಗೆ ಬಂತು. ಅವನು ಬಂದು ಕಂಬವನ್ನು ಕತ್ತೆತ್ತಿ ನೋಡಿ ಹೋದರೆ ಕಂಪ್ಲೇಂಟ್ ಅಟೆಂಡ್ ಆದಂತೆ. ಕರೆಂಟು ಬರುವುದು ಬೇರೆ ವಿಷಯ. ಆಮೇಲೆ ಗೃಹಪ್ರವೇಶ, ನಾಮಕರಣ, ತಿಥಿ, ಬೀಗರೂಟ, ಆಸ್ಪತ್ರೆಯಲ್ಲಿ ಮಲಗಿದವರು, ಚಟ್ಟದ ಮೇಲೆ ಮಲಗಿದವರು, ಎಲ್ಲವೂ ಎಲ್ಲರೂ ಅದರ ತೆಕ್ಕೆಗೆ ಬಂದರು. ಹೋಗಬೇಕು, ಮುಖ ತೋರಿಸಬೇಕು, ಬರಬೇಕು. ಅಷ್ಟನ್ನೂ ಒಂದೇ ಮಾತಿನಲ್ಲಿ ಹೇಳುವ ಕ್ರಿಯಾಪದ ಕನ್ನಡದಲ್ಲಿ ಇರಲಿಲ್ಲ. ನಮ್ಮ ಹಿರಿಯರಿಗೆ ಅಂಥ ಕೆಲಸವೇ ಇರಲಿಲ್ಲವೋ ಏನೋ.

ಹೊನ್ನಯ್ಯನಿಗೆ ಪೇಟೆ ಬೀದಿಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಪಕ್ಕದಲ್ಲೇ ಮೋಟಾರ್ ವೈಂಡಿಂಗ್ ಮಾಡುವ ಜಹಾಂಗೀರನ ಮಳಿಗೆ. ಲಗ್ನದ ದಿನಗಳಲ್ಲಿ ಹೊನ್ನಯ್ಯನ ಅಂಗಡಿಗೆ ಗಿರಾಕಿ ಬಂದರೆ, ತಾಮ್ರದ ತಂತಿ ಸುತ್ತುತ್ತಿದ್ದ ಜಹಾಂಗೀರ್ ತಲೆಯೆತ್ತದೆ ಹೇಳುತ್ತಿದ್ದ: 'ಸಾವ್ಕಾರ್ರು ಬಸರಾಳಲ್ಲವ್ರೆ. ಅಲ್ಲಿಂದ ದುದ್ದ. ಮಧ್ಯಾನ ಮಳವಳ್ಳಿ. ನಿಮ್ಗೆ ಅರ್ಜೆಂಟ್ ಇದ್ರೆ ನಿಮ್ಮನೇಲೂ ಒಂದು ಮದ್ವೆ ಇಟ್ಕಳಿ, ಬತ್ತಾರೆ.'

ನಕ್ಕವರೂ ಹೊನ್ನಯ್ಯನನ್ನು ಹಗುರವಾಗಿ ಕಾಣುತ್ತಿರಲಿಲ್ಲ. ಅವನ ಈ ಓಡಾಟಕ್ಕೆ ಒಂದು ಬೇರಿತ್ತು. ಅವನ ಅಪ್ಪ ಯಾರ ಮನೆಗೂ ಹೋಗದ, ಯಾರನ್ನೂ ಕರೆಯದ ಮನುಷ್ಯ. ಸತ್ತ ದಿನ ಚಟ್ಟಕ್ಕೆ ನಾಲ್ಕನೆಯ ಹೆಗಲು ಸಿಗದೆ, ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನವನನ್ನು ಕೈಮುಗಿದು ಕರೆದದ್ದು ಹೊನ್ನಯ್ಯ. ಸೊಪ್ಪಿನವನು ಬುಟ್ಟಿಯನ್ನು ಜಗಲಿಯ ಮೇಲಿಟ್ಟು ಬಂದು ಹೆಗಲು ಕೊಟ್ಟ. ಆವತ್ತಿನಿಂದ ಹೊನ್ನಯ್ಯನಿಗೆ ಜನದ ಹಸಿವು. ತನ್ನ ಮನೆಯ ಕಾರ್ಯಕ್ಕೆ ಬೀದಿ ತುಂಬಬೇಕು, ಛತ್ರ ಸಾಲದಾಗಬೇಕು. ಅದಕ್ಕೆ ಅವನು ಮಾಡಿಕೊಂಡ ಏರ್ಪಾಡು ಇದು: ಎಲ್ಲರದನ್ನೂ ಅಟೆಂಡ್ ಮಾಡುವುದು.

ಕೊನೆಗೆ ಆ ಕಾರ್ಯ ಬಂತು. ಒಬ್ಬಳೇ ಮಗಳು ದೀಪಿಕಳಿಗೆ ಮಳವಳ್ಳಿಯ ಮೇಷ್ಟ್ರು ಮಧುಕರನ ಜೊತೆ ಕಾರ್ತಿಕದಲ್ಲಿ ಮದುವೆ ಗೊತ್ತಾಯಿತು. ಹೊನ್ನಯ್ಯ ಮದ್ದೂರಿನಲ್ಲಿ ದೊಡ್ಡ ಛತ್ರವನ್ನೇ ಹಿಡಿದ. ಲಗ್ನಪತ್ರಿಕೆ ಹಿಡಿದು ಮಂಡ್ಯದ ರವಿಚಂದ್ರನ ರೈಸ್‌ಮಿಲ್ಲಿಗೆ ಹೋದಾಗಲೇ ತೊಡಕು ಶುರುವಾದದ್ದು. ಅಟೆಂಡ್ ಮಾಡುವುದರಲ್ಲಿ ರವಿಚಂದ್ರ ಹೊನ್ನಯ್ಯನಿಗೆ ಗುರುಸಮಾನ. ಜಿಲ್ಲೆಯಲ್ಲಿ ಅವನ ಮುಖವಿಲ್ಲದ ಮದುವೆ ಆಲ್ಬಮ್ ಇಲ್ಲ ಎಂಬ ಮಾತಿತ್ತು.

ರವಿಚಂದ್ರ ಪತ್ರಿಕೆ ಓದಿ, ಮೇಜಿನ ಖಾನೆಯಿಂದ ತನ್ನ ಮಗನ ಲಗ್ನಪತ್ರಿಕೆ ತೆಗೆದು ಪಕ್ಕಕ್ಕಿಟ್ಟ.

'ಒಂದೇ ದಿನ ಕಣ್ಲಾ ಹೊನ್ನಯ್ಯ! ಮುವೂರ್ತಾನೂ ಹಿಂದೆ ಮುಂದೆ ಅಷ್ಟೆ.'

'ಅಂಗಾರೆ ಬುಡಣ್ಣ, ನೀವು ಬರಾಕ್ ಆಗಾಕಿಲ್ಲ.'

'ಏಯ್, ಯಾವನ್ಲಾ ಅಂಗಂದೋನು? ನಿನ್ ಮಗ್ಳು ಬ್ಯಾರೆ ನನ್ ಮಗ್ಳು ಬ್ಯಾರೆನಾ? ಅಟೆಂಡ್ ಮಾಡೇ ಮಾಡ್ತೀನಿ.'

ಹೊನ್ನಯ್ಯನ ಎದೆ ಉಬ್ಬಿತು. 'ಅಂಗಂದ್ಮೇಲೆ ನಾನೂ ಬತ್ತೀನಣ್ಣ.'

ಇಂಥ ಮಾತುಗಳನ್ನು ಬೇರೆಯವರಾಗಿದ್ದರೆ ಕಾಫಿ ಲೋಟದ ಜೊತೆಗೇ ಕೆಳಗಿಟ್ಟು ಏಳುತ್ತಿದ್ದರು. ಇವರಿಬ್ಬರೂ ಒಬ್ಬರನ್ನೊಬ್ಬರು ನಂಬಿದರು.

ಮನೆಯಲ್ಲಿ ಹೆಂಡತಿ ರಂಗನಾಯಕಿ ಅವರೆಕಾಯಿ ಸುಲಿಯುತ್ತ ಈ ಸುದ್ದಿ ಕೇಳಿದಳು.

'ಧಾರೇನ ಗಂಡ ಹೆಂಡ್ತಿ ಇಬ್ರೂ ಕೂಡಿ ಎರೀಬೇಕು. ನೀವಿಲ್ದಿದ್ರೆ ನಾನೂ ಎರಿಯಂಗಿಲ್ಲ. ಅದಾದ್ರೂ ಗ್ಯಾನದಲ್ಲೈತಾ?'

'ಮುವೂರ್ತದೊತ್ಗೆ ಬಂದ್ಬುಡ್ತೀನಿ ಕಣೇ. ಹೈವೇಲಿ ಇಂಗೋಗಿ ಅಂಗ್ ಬರಾದು.'

'ನಮ್ ನಿಂಗಯ್ಯನ್ನ ಕಳ್ಸಿ.' ನಿಂಗಯ್ಯ ಅವಳ ತಮ್ಮ.

'ಬದ್ಲಿ ಆಳು ಕಳ್ಸಕ್ಕೆ ಅದೇನು ಗದ್ದೆ ನಾಟಿನಾ? ಆಯಪ್ಪ ಮಗನ ಮದ್ವೆ ಬುಟ್ಟು ನಮ್ಮನೇಗೆ ಬತ್ತಾನೆ. ನಾನು ಓಗ್ಲಿಲ್ಲ ಅಂದ್ರೆ ನನ್ ಮುಖಕ್ಕೆ ಬೆಲೆ ಎಲ್ಲೈತೆ?'

'ಆ ಮುಖಾನ ಮಗ್ಳೂ ಒಸಿ ನೋಡ್ಲಿ ಬುಡಿ ಅವತ್ತು' ಎಂದು ರಂಗನಾಯಕಿ ಮೊರವೆತ್ತಿಕೊಂಡು ಒಳಗೆ ಹೋದಳು.

ಮದುವೆಯ ದಿನ ಬಂತು. ಬೆಳಿಗ್ಗೆ ಗಂಡಿನ ಕಡೆಯವರಿಗೆ ತಿಂಡಿ ಆಯಿತು. ದೀಪಿಕ ಗೌರಿಪೂಜೆಗೆ ಕೂತಳು. ಧಾರೆಗೆ ಇನ್ನೂ ಹೊತ್ತಿತ್ತು. ಹೊನ್ನಯ್ಯ ರೇಷ್ಮೆ ಪಂಚೆ, ಶಲ್ಯದ ಮೇಲೆಯೇ ಛತ್ರದ ಹಿಂಬಾಗಿಲಿನಿಂದ ಹೊರಬಿದ್ದು, ಅಡುಗೆಯವರ ಕೊಪ್ಪರಿಗೆಗಳನ್ನು ದಾಟಿ, ಜಹಾಂಗೀರನ ಓಮ್ನಿ ಹತ್ತಿದ.

'ಸಾವ್ಕಾರ್ರೇ, ಇದು ಸರಿ ಅಲ್ಲ' ಎಂದ ಜಹಾಂಗೀರ್, ಗಾಡಿ ಸ್ಟಾರ್ಟ್ ಮಾಡುತ್ತ.

'ಐದ್ನಿಮಿಷದ ಕೆಲ್ಸ ಕಣಯ್ಯ. ಓಗಾದು, ಫೋಟೋಗೆ ನಿಲ್ಲಾದು, ಬರಾದು.'

'ನಮ್ ಮಗ್ಳು ಫಾಯಿಜಾ ಶಾದೀಗೂ ಬಂದಿದ್ರಿ ನೀವು.'

'ಬಂದಿದ್ನಲ್ಲ! ಮರ್ತಿದ್ದೀಯಾ?'

'ಮರೆಯೋಕೆ ನಾನು ನೋಡೇ ಇಲ್ವಲ್ಲ. ಆಲ್ಬಮ್ ಬಂದ್ಮೇಲೆ ಗೊತ್ತಾಯ್ತು. ನಮ್ ಹೆಂಡ್ತಿ ಬಿಬಿ ಜಾನ್ ಕೇಳಿದ್ಳು, ಅರೆ, ಇವ್ರು ಯಾವಾಗ ಬಂದಿದ್ರು ಅಂತ. ಬಿರಿಯಾನಿ ದಮ್ ಬಿಡೋಕೆ ಮುಂಚೇನೇ ಬಂದು ಹೋಗಿದೀರಿ. ಅದು ಬಾಯಿಗ್ ಹೋಗ್ದಿದ್ರೂ ಮೂಗಿಗಾದ್ರೂ ಹೋಗ್ಬೇಕಿತ್ತು.'

ಹೊನ್ನಯ್ಯ ನಕ್ಕ. ಓಡುವ ಗಾಡಿಯಲ್ಲಿ ಶಲ್ಯ ಸರಿಮಾಡಿಕೊಂಡ. ಇದು ಅವನಿಗೆ ಗೊತ್ತಿದ್ದ ಕೆಲಸ.

ಮಂಡ್ಯದ ಛತ್ರದಲ್ಲಿ ಸಾಲು ವೇದಿಕೆಯಿಂದ ಇಳಿದು ಬಾಗಿಲವರೆಗೆ ಬಂದಿತ್ತು. ಹೊನ್ನಯ್ಯ ಬದಿಯಿಂದ ನುಗ್ಗಿ ರವಿಚಂದ್ರನನ್ನು ಹುಡುಕಿದ. ಯಜಮಾನನ ಕಣ್ಣಿಗೆ ಬಿದ್ದರೆ ಸಾಲಿನ ಅಗತ್ಯವೇ ಇಲ್ಲ. ಆದರೆ ಯಜಮಾನ ಕಾಣಲಿಲ್ಲ. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ರವಿಚಂದ್ರನ ಹೆಂಡತಿಯನ್ನೇ ಕೇಳಿದ.

'ಅಣ್ಣ ಎಲ್ಲವ್ರೆ ಅಮ್ಮ?'

'ಯಾರಿಗ್ ಗೊತ್ತು? ಮದ್ದೂರಲ್ಲಿ ಯಾವನೋ ಹೊನ್ನಯ್ಯ ಅನ್ನೋನ ಮಗಳ್ ಮದ್ವೆಯಂತೆ. ಅಟೆಂಡ್ ಮಾಡ್ಕಂಡ್ ಬತ್ತೀನಿ ಅಂತ ಓದ್ರು. ಮಗ ಹಸೆಮಣೆ ಮೇಲೆ ಕೂತವ್ನೆ, ಇವ್ರಿಗೆ ಹೊನ್ನಯ್ಯ ಬೇಕಾಗಿತ್ತು. ಆ ಹೊನ್ನಯ್ಯಂಗಾದ್ರೂ ಬುದ್ಧಿ ಬ್ಯಾಡ್ವಾ? ಅವ್ನೊಬ್ಬ ಒಸಿ ಬರ್ಬೇಡಿ ಅಂದಿದ್ರೆ ಇವ್ರು ನಿಂತ್ಕತಿದ್ರು.' ಅವಳು ಪನ್ನೀರುದಾನಿಯನ್ನು ಅವನ ಮುಖಕ್ಕೆ ಜೋರಾಗಿಯೇ ಕೊಡವಿದಳು. 'ನೀವು ಯಾರ ಕಡೆಯೋರು?'

'ನಾನು… ಮದ್ದೂರ ಕಡೆಯೋನು' ಎಂದ ಹೊನ್ನಯ್ಯ, ಪನ್ನೀರು ಒರೆಸಿಕೊಳ್ಳುತ್ತ.

ಆಗಲೇ ತಿರುಗಿ ಹೊರಟಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಜಹಾಂಗೀರ್ ಹೊರಗೆ ಹಾರ್ನ್ ಮಾಡುತ್ತಿದ್ದ. ಆದರೆ ಹೊನ್ನಯ್ಯನ ಒಳಗಿದ್ದ ಮೂವತ್ತು ವರ್ಷದ ಅಭ್ಯಾಸ ಮಿಸುಕಾಡಲಿಲ್ಲ. ನೋಡಬೇಕಾದವನೇ ನೋಡದಿದ್ದರೆ ಬಂದದ್ದಕ್ಕೆ ಸಾಕ್ಷಿ ಎಲ್ಲಿ? ಅವನು ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಫೋಟೋ ಒಂದಾದರೂ ಬೇಕು.

ಸಾಲು ಬಸವನ ಹುಳುವಿನ ಹಾಗೆ ಸರಿಯುತ್ತಿದ್ದಾಗ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ರವಿಚಂದ್ರ.

'ಎಲ್ಲಿದ್ದೀಯ್ಲಾ ಹೊನ್ನಯ್ಯ? ನಾನು ನಿನ್ ಮಗ್ಳ ಮದ್ವೇಲವ್ನಿ. ನೀನೇ ಕಾಣ್ತಿಲ್ಲ!'

'ಅಣ್ಣ, ನಾನು ನಿಮ್ ಮಗನ್ ಮದ್ವೇಲವ್ನಿ.'

ಆ ಕಡೆ ಸ್ವಲ್ಪ ಹೊತ್ತು ಬರೀ ನಾದಸ್ವರ ಕೇಳಿಸಿತು. ಅದು ತನ್ನ ಮಗಳ ಮದುವೆಯ ನಾದಸ್ವರ ಎಂದು ಹೊನ್ನಯ್ಯನಿಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು.

'ನಿನ್ನೆಂಡ್ರು ನನ್ನ ನುಂಗೋ ಅಂಗೆ ನೋಡ್ತಾವ್ರೆ ಕಣ್ಲಾ' ಎಂದ ರವಿಚಂದ್ರ.

'ನಿಮ್ಮೆಂಡ್ರೂ ಅಂಗೇ ಅಣ್ಣ.'

'ಸರಿ ಬುಡು. ಬಂದಿದ್ದೀಯ, ಫೋಟೋ ತಗಸ್ಕೊ. ನಾನೂ ತಗಸ್ಕತೀನಿ.'

ಫೋಟೋ ತೆಗೆಸಿಕೊಂಡು ಹೊನ್ನಯ್ಯ ಓಡಿ ಬಂದು ಗಾಡಿ ಹತ್ತಿದಾಗ ಜಹಾಂಗೀರ್ ಓಮ್ನಿಯ ಆಯುಸ್ಸನ್ನೆಲ್ಲ ಒಂದೇ ಸಲಕ್ಕೆ ಕರಗಿಸುವ ಹಾಗೆ ಓಡಿಸಿದ. ಹೆದ್ದಾರಿ ಖಾಲಿಯಿತ್ತು. ಗೆಜ್ಜಲಗೆರೆ ದಾಟಿ ಊರ ಕಡೆಗಿನ ರಸ್ತೆಗೆ ಇಳಿದದ್ದೇ ತಡ, ಮುಂದೆ ಎಲ್ಲವೂ ನಿಂತಿತ್ತು. ಕಬ್ಬಿನ ಟ್ರ್ಯಾಕ್ಟರೊಂದರ ಟ್ರೈಲರ್ ಅಡ್ಡಬಿದ್ದು, ಲೋಡಿಗೆ ಲೋಡೇ ರಸ್ತೆಯ ಮೇಲೆ ಮಲಗಿತ್ತು. ಎರಡೂ ಕಡೆ ಬಸ್ಸಿನವರು ಇಳಿದು, ಅವಸರವೇ ಇಲ್ಲದವರಂತೆ ಜಲ್ಲೆ ಮುರಿದು ತಿನ್ನುತ್ತಿದ್ದರು.

ಹೊನ್ನಯ್ಯ ಪಂಚೆ ಎತ್ತಿ ಕಟ್ಟಿ ಇಳಿದ. ಕಬ್ಬು ತುಳಿದುಕೊಂಡು ಓಡಿದ. ಆ ಬದಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಕಾರೊಂದರ ಕಿಟಕಿಯಿಂದ ಉಂಗುರದ ಕೈಯೊಂದು ಹೊರಬಂತು.

'ಹೊನ್ನಯ್ಯ! ಬಂದಿದ್ದೆ ಕಣ್ಲಾ!'

ರವಿಚಂದ್ರ. ಹೊನ್ನಯ್ಯನ ಕಾಲು ನಿಲ್ಲಬಾರದೆಂದರೂ ನಿಂತಿತು. ಕೈ ಕುಲುಕಿದ.

'ನಾನೂ ಬಂದಿದ್ದೆ ಅಣ್ಣ. ಧಾರೆ… ಧಾರೆ ಆಯ್ತಾ?'

'ನೋಡ್ನಿಲ್ಲ ಕಣ್ಲಾ. ಫೋಟೋ ಆಗಿದ್ದೇ ಬಂದ್ಬುಟ್ಟೆ.'

ಮೂವತ್ತು ವರ್ಷದಲ್ಲಿ ಹೊನ್ನಯ್ಯನನ್ನೂ ಯಾರಾದರೂ ದಾರಿಯಲ್ಲಿ ಇದೇ ಪ್ರಶ್ನೆ ಕೇಳಿದ್ದರೆ ಅವನೂ ಇದನ್ನೇ ಹೇಳುತ್ತಿದ್ದ. ಯಾವ ಮದುವೆಯಲ್ಲೂ ಅವನು ಧಾರೆ ನೋಡಿದ್ದು ನೆನಪಿಲ್ಲ. ಅವನು ಮತ್ತೆ ಓಡಿದ. ಹಳೇ ಗಿರಾಕಿಯೊಬ್ಬ ಸೈಕಲ್ ಮೇಲಿಂದ ಕೂಗಿದ: 'ಏನ್ ಹೊನ್ನಯ್ಯನೋರೆ, ಇಷ್ಟು ಜೋರು? ಯಾರ್ ಮದ್ವೆ ಇವತ್ತು?'

'ನಮ್ದೇ ಕಣಪ್ಪ!' ಎಂದ ಹೊನ್ನಯ್ಯ ಏದುಸಿರಿನಲ್ಲಿ. ಸೈಕಲಿನವನು ಅದನ್ನು ತಮಾಷೆ ಎಂದು ತಿಳಿದು ಬಾಯ್ತುಂಬ ನಕ್ಕ.

ಛತ್ರದ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹೊನ್ನಯ್ಯ ಅಪ್ಪನ ಚಟ್ಟದ ದಿನದಿಂದ ಬಯಸಿದ್ದ ಜನ, ಬಸರಾಳಿನವರು, ದುದ್ದದವರು, ಮಳವಳ್ಳಿಯವರು, ಎಲ್ಲರೂ ಬಂದಿದ್ದರು. ಬಂದವರೆಲ್ಲ ಹೋಗುತ್ತಲೂ ಇದ್ದರು. ಒಳಗೆ ಊಟದ ಹಾಲಿನಲ್ಲಿ ಎಲೆಗಳು ಉದ್ದಕ್ಕೂ ಹರವಿಕೊಂಡು ಕಾದಿದ್ದವು. ಬಾಗಿಲಲ್ಲಿ ಎದುರಾದವರೊಬ್ಬರು ಅವನ ಹೆಗಲು ತಟ್ಟಿ, 'ಜೋರಾಗ್ ಮಾಡಿದ್ದೀಯ ಹೊನ್ನಯ್ಯ. ಊಟಕ್ ನಿಲ್ಲಕ್ಕಾಗಲ್ಲ, ಇನ್ನೂ ಒಂದೆರಡು ಅಟೆಂಡ್ ಮಾಡ್ಬೇಕು' ಎಂದು ಚಪ್ಪಲಿ ಮೆಟ್ಟಿದರು.

ವೇದಿಕೆಯ ಮೇಲೆ ಧಾರೆ ನಡೆಯುತ್ತಿತ್ತು. ನಮ್ಮ ಕಡೆ ಹೆಣ್ಣಿನ ತಂದೆತಾಯಿ ಮೊದಲು ಎರೆದ ಮೇಲೆ ನೆಂಟರು, ಊರವರು ಸಾಲಾಗಿ ಬಂದು ಜೋಡಿಗೈಗಳ ಮೇಲೆ ಒಂದೊಂದು ಹನಿ ಹಾಲು ಬಿಡುತ್ತಾರೆ. ಈಗ ಊರವರ ಸಾಲು ಸರಿಯುತ್ತಿತ್ತು. ಅಂದರೆ ಮೊದಲಿನದು ಆಗಿಹೋಗಿತ್ತು.

ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಭಾವಮೈದ ನಿಂಗಯ್ಯ ಇಳಿದು ಬಂದ. ಅವನ ಪಂಚೆಯ ಅಂಚು ಹಾಲಿನಿಂದ ಒದ್ದೆಯಾಗಿತ್ತು.

'ಮುವೂರ್ತ ಮೀರ್ತದೆ ಅಂದ್ರು ಐನೋರು, ಭಾವ. ಒಬ್ಳೇ ಎರಿಯಂಗಿಲ್ಲ ಅಂತ ಅಕ್ಕನ್ನ ಪಕ್ಕಕ್ಕೆ ನಿಲ್ಸಿದ್ರು. ನಾನೂ ನಮ್ಮನೆಯವ್ಳೂ ಎರ್ದೊ.' ಅವನು ತಪ್ಪು ಮಾಡಿದವನಂತೆ ಒದ್ದೆ ಅಂಚನ್ನು ಹಿಂಡಿದ. 'ತಂಬಿಗೆ ತಂದು ನಮ್ ಕೈಗೆ ಅಕ್ಕನೇ ಕೊಟ್ಲು.'

ಹೊನ್ನಯ್ಯ ರಂಗನಾಯಕಿಯ ಕಡೆ ನೋಡಿದ. ಅವಳು ಮಗಳ ಹಿಂದೆ, ಕಂಬಕ್ಕೆ ಆತು, ಬಂದವರಿಗೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಅವನನ್ನು ನೋಡಿದಳು. ನೋಡಿ, ಮುಂದಿನ ಹೆಂಗಸಿಗೆ ತಟ್ಟೆ ನೀಡಿದಳು. ಬೈದಿದ್ದರೆ ಹೊನ್ನಯ್ಯನಿಗೆ ಉಸಿರು ಬರುತ್ತಿತ್ತು.

ನೇರವಾಗಿ ಮೇಲೆ ಹತ್ತಲು ಅವನಿಗೆ ಮುಖವಿರಲಿಲ್ಲ. ಸಾಲಿನಲ್ಲಿ ನಿಂತ. ಮುಂದೆ ದುದ್ದದ ಯಾರೋ, ಹಿಂದೆ ಮಳವಳ್ಳಿಯ ಯಾರೋ. ಮೆಟ್ಟಿಲು ಹತ್ತಿ, ತಟ್ಟೆಯಲ್ಲಿದ್ದ ಚಮಚ ತೆಗೆದುಕೊಂಡು, ಮಗಳ ಕೈ, ಅಳಿಯನ ಕೈ, ನಡುವಿನ ತೆಂಗಿನಕಾಯಿಯ ಮೇಲೆ ಹಾಲು ಬಿಟ್ಟ. ಅರ್ಧ ಹೊರಗೆ ಚೆಲ್ಲಿತು.

ದೀಪಿಕಳ ತಲೆ ಬಾಸಿಂಗದ ಭಾರಕ್ಕೆ ಬಾಗಿತ್ತು. ಅಷ್ಟು ಹೊತ್ತೂ ಹಾಲೆರೆದ ಕೈಗಳಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತನ್ನು ಅವಳು ಈ ಕೈಗೂ ಹೇಳಿದಳು.

'ಊಟ ಮಾಡ್ಕಂಡೇ ಓಗ್ಬೇಕು.'

ಆಮೇಲೆ ತಲೆಯೆತ್ತಿದಳು. ಅವಳ ತುಟಿ ಹಾಗೇ ನಿಂತಿತು. ಹೊನ್ನಯ್ಯ ಏನೋ ಹೇಳಹೋದ.

'ಸಾರ್, ಈ ಕಡೆ ನೋಡಿ' ಎಂದ ಮೈಸೂರಿನಿಂದ ಬಂದಿದ್ದ ಫೋಟೋಗ್ರಾಫರ್. ಫ್ಲಾಶ್ ಹೊಳೆಯಿತು. 'ಆಯ್ತು ಸಾರ್, ಮುಂದೆ ಹೋಗಿ. ಹಿಂದೆ ಜನ ಇದ್ದಾರೆ.'

ಹೊನ್ನಯ್ಯ ಮುಂದೆ ಹೋದ.

ವೇದಿಕೆಯ ಕೆಳಗೆ, ಮಗಳು ನೇರ ಕಾಣುವಂಥ ಕಡೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತ. ಫೋನ್ ಹೊಡೆದುಕೊಂಡಿತು, ಕೊಕ್ಕರೆ ಬೆಳ್ಳೂರಿನವರು, ಅವತ್ತೇ ಗೃಹಪ್ರವೇಶ. ಅದನ್ನು, ಗಾಡಿಯನ್ನು ದಾರಿಯಲ್ಲೇ ಬಿಟ್ಟು ಹಿಂದಿನಿಂದ ಬಂದು ಸೇರಿದ್ದ ಜಹಾಂಗೀರನ ಕೈಗೆ ಕೊಟ್ಟುಬಿಟ್ಟ. ಆಮೇಲೆ ಅವನು ಏಳಲಿಲ್ಲ. ಸಪ್ತಪದಿ ನೋಡಿದ. ಎಷ್ಟು ನಿಧಾನವಾಗಿ ಅಕ್ಕಿಯ ಗುಪ್ಪೆಯ ಮೇಲೆ ಕಾಲಿಡುತ್ತಾರೆ, ಯಾವ ಬೆರಳಿಗೆ ಕಾಲುಂಗುರ ಹಾಕುತ್ತಾರೆ, ಅಳಿಯನ ಕೈ ಮಗಳ ಕಾಲು ಮುಟ್ಟುವಾಗ ಇಬ್ಬರೂ ಹೇಗೆ ನಗು ತಡೆದುಕೊಳ್ಳುತ್ತಾರೆ, ಎಲ್ಲವನ್ನೂ ಮೊದಲ ಸಲ ನೋಡುವವನ ಹಾಗೆ ನೋಡಿದ. ಹಾಗೆ ನೋಡುವುದು ಅವನಿಗೆ ನಿಜವಾಗಿಯೂ ಮೊದಲ ಸಲವೇ. ದೊಡ್ಡವರನ್ನು ಕಾರಿನ ತನಕ ಬಿಡಲು ಯಜಮಾನ ಬರಲಿಲ್ಲವೆಂದು ಒಬ್ಬಿಬ್ಬರು ಮುಖ ದಪ್ಪ ಮಾಡಿಕೊಂಡು ಹೋದರು.

'ಏಳಿ ಸಾವ್ಕಾರ್ರೇ, ಪಲಾವ್ ಆರ್ತದೆ' ಎಂದ ಜಹಾಂಗೀರ್. ಅವನು ಎರಡನೇ ಪಂಕ್ತಿಯಲ್ಲಿ ನಿಧಾನವಾಗಿ ಉಂಡು, ಬಾಳೆಹಣ್ಣು ಸುಲಿಯುತ್ತ ಬಂದಿದ್ದ. 'ಈಗ ಕಾವಲು ಕೂತ್ರೆ ಏನ್ ಬಂತು? ಆಗಿದ್ದು ಆಗೋಯ್ತು.'

'ಆಗ್ದೇ ಇರೋದು ಒಂದೈತಲ್ಲ' ಎಂದ ಹೊನ್ನಯ್ಯ.

ಅದು ಸಂಜೆಗೆ. ಹೆಣ್ಣೊಪ್ಪಿಸುವ ಶಾಸ್ತ್ರ. ತಂದೆತಾಯಿ ಮಗಳ ಕೈಯನ್ನು ಹಾಲಿನಲ್ಲಿ ಅದ್ದಿ ಅತ್ತೆಯ ಕೈಗೆ ಇಡಬೇಕು. ಇಲ್ಲೂ ಇಬ್ಬರೂ ಕೂಡಿಯೇ ಇಡಬೇಕು. ರಂಗನಾಯಕಿ ಹಾಲಿನ ಬಟ್ಟಲು ತಂದು ಅವನ ಪಕ್ಕ ಕೂತಳು. ಬೆಳಗಿನಿಂದ ಅವಳು ಅವನೊಂದಿಗೆ ಒಂದು ಮಾತನ್ನೂ ಆಡಿರಲಿಲ್ಲ. ಹೊನ್ನಯ್ಯ ಮಗಳ ಕೈ ಹಿಡಿದು ಬಟ್ಟಲಿಗೆ ಅದ್ದಿದ. ಎದುರಿಗೆ ಗಂಡಿನ ತಾಯಿ ಸೆರಗಿನ ಮೇಲೆ ಅಂಗೈ ಒಡ್ಡಿ ಕೂತಿದ್ದಳು. ಅವಳ ಹಿಂದೆ ಬೀಗರು ನಿಂತು ಕೈಗಡಿಯಾರ ನೋಡುತ್ತಿದ್ದರು.

'ಒಸಿ ಬಿರ್ರನೆ ಒಪ್ಸಿ ಬೀಗ್ರೇ. ಮಳವಳ್ಳೀಲಿ ಒಂದು ರಿಸೆಪ್ಷನ್ನು. ಇವ್ರನ್ನ ಕರ್ಕಂಡೇ ಅದ್ನೂ ಅಟೆಂಡ್ ಮಾಡ್ಬುಟ್ಟು, ಆಮೇಲೆ ಮನೆ ತುಂಬಿಸ್ಕಳಾದು ಅಂತ.'

ಹೊನ್ನಯ್ಯನಿಗೆ ಆ ಮಾತು ಕೇಳಿಸಿತೋ ಇಲ್ಲವೋ. ಮಗಳ ಕೈ ಅವನ ಕೈಯಲ್ಲೇ ಇತ್ತು. ಹಾಲು ಬೆರಳ ಸಂದಿಯಿಂದ ಇಳಿದು ಮೊಣಕೈ ತನಕ ಹರಿಯಿತು.

'ಬುಡಿ ಇನ್ನ' ಎಂದಳು ರಂಗನಾಯಕಿ, ಮೆಲ್ಲಗೆ. ಅಷ್ಟು ಹೇಳಿ ಅವನ ಕೈಯ ಕೆಳಗೆ ತನ್ನ ಕೈಯನ್ನೂ ತಂದಿಟ್ಟಳು.

'ತಡಿಯೇ ಒಸಿ.'

'ಅಪ್ಪ, ಬೆರಳು ನೋಯ್ತದೆ' ಎಂದಳು ದೀಪಿಕ. ಅವಳ ಕಣ್ಣು ತುಂಬಿತ್ತು. ಬಾಯಿ ಮಾತ್ರ ನಗುತ್ತಿತ್ತು.

ಹೊನ್ನಯ್ಯ ಹಿಡಿತ ಸಡಿಲಿಸಿದ. ಕೈ ಬಿಡಲಿಲ್ಲ. ಬೀಗರು ಇನ್ನೊಮ್ಮೆ ಗಡಿಯಾರ ನೋಡಿ, ಕೆಮ್ಮಿ, ಕೊನೆಗೆ ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತರು.